ಪಕ್ಕದ ಸೀಟಿನ ಬ್ರೇಕ್

ಬ್ರೇಕ್ ಒತ್ತಿದೆ. ಒತ್ತಿದೆ ಅಂದುಕೊಂಡೆ. ಕಾರು ಹಿಂದಕ್ಕೆ ಜಾರುತ್ತಲೇ ಇತ್ತು.

ಜೋರಾಗಿ ಏನಲ್ಲ. ಓರೆಯಾದ ಮೇಜಿನ ಮೇಲೆ ಪೆನ್ಸಿಲ್ ತಾನಾಗಿ ಉರುಳುವಷ್ಟು ವೇಗ. ಕನ್ನಡಿಯಲ್ಲಿ ದಿಬ್ಬದ ಬುಡ ಕಾಣುತ್ತಿತ್ತು. ಅಲ್ಲಿ ರಸ್ತೆ ದಾಟಲು ನಿಂತ ಒಬ್ಬ ಹೆಂಗಸು, ಅವಳ ಕೈ ಹಿಡಿದ ಹಳದಿ ಸ್ವೆಟರಿನ ಮಗು. ಮತ್ತೆ ಒತ್ತಿದೆ. ಏನೂ ಆಗಲಿಲ್ಲ. ಆಗ ಮಾಡಬಾರದ್ದನ್ನು ಮಾಡಿದೆ. ಕನ್ನಡಿಯಿಂದ ಕಣ್ಣು ತೆಗೆದು, ತಲೆ ಬಗ್ಗಿಸಿ, ನನ್ನ ಬಲಗಾಲು ಎಲ್ಲಿದೆ ಅಂತ ಹುಡುಕಿದೆ. ಬೂಟು ಬ್ರೇಕಿನಿಂದ ನಾಲ್ಕು ಬೆರಳು ಆಚೆಗಿತ್ತು. ರಬ್ಬರ್ ಮ್ಯಾಟನ್ನು ಬಹಳ ಶ್ರದ್ಧೆಯಿಂದ ಒತ್ತುತ್ತಿತ್ತು.

ಕಾರು ನಿಂತಿತು. ನಿಲ್ಲಿಸಿದ್ದು ನಾನಲ್ಲ. ಸ್ಟಿಯರಿಂಗ್ ಮುಂದೆ ಕೂತಿದ್ದ ನನ್ನ ಶಿಷ್ಯ, ಬೇಕರಿಯವನು, ಹ್ಯಾಂಡ್‌ಬ್ರೇಕ್ ಎಳೆದಿದ್ದ. ಅವನೂ ನೋಡಿಯೇ ಎಳೆದದ್ದು. ಸ್ಪರ್ಶ ಕಳೆದುಕೊಂಡ ಎಡಗೈ ಬೆರಳುಗಳನ್ನು ಕಣ್ಣಿನಲ್ಲೇ ಕರೆತಂದು ಒಂದೊಂದಾಗಿ ಅದರ ಮೇಲೆ ಕೂರಿಸಿದ. ಅದೇ ಹ್ಯಾಂಡ್‌ಬ್ರೇಕ್ ನನ್ನ ಬಲಗೈಗೂ ಅಷ್ಟೇ ಹತ್ತಿರವಿತ್ತು. ಕಾಲು ಹುಡುಕುವ ಭರದಲ್ಲಿ ನನಗೆ ಕೈ ಇರುವುದೇ ಮರೆತುಹೋಗಿತ್ತು.

ಹೆಂಗಸು ಫೋನಿನಲ್ಲಿ ಮಾತಾಡುತ್ತಲೇ ಮಗುವನ್ನು ಫುಟ್‌ಪಾತಿಗೆ ಎಳೆದುಕೊಂಡಳು. ನಮ್ಮ ಕಾರಿನ ಹಿಂದಿನ ‘ಎಲ್’ ಬೋರ್ಡನ್ನು, ಅಂದರೆ ಇವರಿನ್ನೂ ಕಲಿಯುವವರು ಎಂಬುದನ್ನು, ಒಮ್ಮೆ ನೋಡಿದಳು. ಹೋದಳು. ಅವಳ ಮಟ್ಟಿಗೆ ಅಲ್ಲಿ ಏನೂ ನಡೆದಿರಲಿಲ್ಲ.

ನಡೆದದ್ದಕ್ಕೆ ಕಾರಣ ಒಂದು ಮಾತು. ನಮ್ಮ ಕಸುಬಿನಲ್ಲಿ ‘ಬಿಡಿ’ ಅನ್ನುವಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಕ್ಲಚ್ ಬಿಡಿ ಅಂದರೆ ಕಾಲು ತೆಗೆಯಿರಿ. ಗಾಡಿ ಬಿಡಿ ಅಂದರೆ ಓಡಿಸಿ. ದಾರಿ ಬಿಡಿ ಅಂದರೆ ಪಕ್ಕಕ್ಕೆ ಸರಿಯಿರಿ. ಬರೀ ‘ಬಿಡಿ’ ಅಂದರೆ ಹೋಗಲಿ, ಆ ವಿಷಯ ಬೇಡ. ಹಾಗಾಗಿ ಹದಿನಾಲ್ಕು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಸೇರಿದ ದಿನವೇ ಭಾವ ಹೇಳಿಕೊಟ್ಟಿದ್ದರು. ಕಾರಿನೊಳಗೆ ಕೂತ ಮೇಲೆ ಆ ಪದವನ್ನು ಒಂಟಿಯಾಗಿ ಹೊರಗೆ ಕಳಿಸಬೇಡ, ಜೊತೆಗೆ ಯಾರನ್ನಾದರೂ ಕಳಿಸು ಅಂತ. ಭಾವ ಅಂದರೆ ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲ್ ಅವರದು. ನಾನು ಪಕ್ಕದ ಸೀಟಿನವಳು. ನನ್ನ ಕಾಲಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇದೆ. ಕಲಿಯುವವರೆಲ್ಲ ನನ್ನನ್ನು ಬ್ರೇಕ್ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆಯೂ ಅದನ್ನೇ ಅನ್ನುತ್ತಾರೆ.

ಅಂದು ದಿಬ್ಬದ ನಡುವೆ ಕಾರು ನಿಲ್ಲಿಸಿ ಮತ್ತೆ ಮುಂದಕ್ಕೆ ಎತ್ತುವ ಪಾಠ. ಬೇಕರಿಯವನು ಕ್ಲಚ್, ಬ್ರೇಕ್ ಎರಡನ್ನೂ ಒತ್ತಿ ಹಿಡಿದು ನನ್ನ ಮಾತಿಗೆ ಕಾಯುತ್ತಿದ್ದ. ಕಾಯುತ್ತಾ ಕೇಳಿದ, ಕಾಲಿನ ವಿಷಯ ಹೇಳಿದಾಗ ನಿಮ್ಮ ಭಾವ ಏನಂದರು, ಅದಕ್ಕಾಗಿ ಕಾರಿನಲ್ಲಿ ಏನಾದರೂ ಬದಲಾಯಿಸಿದರಾ ಅಂತ.

“ಅದೆಲ್ಲ ಈಗ ಬಿಡಿ,” ಅಂದೆ.

ಒಳ್ಳೆಯ ಶಿಷ್ಯ. ಬ್ರೇಕ್ ಬಿಟ್ಟ.

•

ಕಾರನ್ನು ಅಂಚಿಗೆ ತಂದು ಇಬ್ಬರೂ ಇಳಿದು, ಲೈಬ್ರರಿಯ ಮೋಟುಗೋಡೆಯ ಮೇಲೆ ಕೂತೆವು. ನನ್ನ ಪಾಠಗಳೆಲ್ಲ ಲೈಬ್ರರಿ, ಪೆಟ್ರೋಲ್ ಬಂಕ್, ಆಸ್ಪತ್ರೆ ಇವುಗಳ ಪಕ್ಕದಲ್ಲೇ ಹಾದುಹೋಗುತ್ತವೆ. ಊರಿನಲ್ಲಿ ಚೊಕ್ಕಟವಾದ ಶೌಚಾಲಯ ಎಲ್ಲೆಲ್ಲಿದೆ ಅನ್ನುವುದೇ ನನ್ನ ನಕಾಶೆ. ಕಲಿಯುವವರು ಅದನ್ನು ಕಷ್ಟದ ತಿರುವುಗಳ ಅಭ್ಯಾಸ ಅಂದುಕೊಂಡಿದ್ದಾರೆ. ಬೇಕರಿಯವನಿಗೆ ಮಾತ್ರ ಸತ್ಯ ಗೊತ್ತು, ಏಕೆಂದರೆ ಅವನಿಗೂ ಅದೇ ನಕಾಶೆ ಬೇಕು.

ನಮ್ಮಿಬ್ಬರಿಗೂ ಎಂ.ಎಸ್. ಇದೆ. ನನಗೆ ಎಂಟು ವರ್ಷದಿಂದ, ಅವನಿಗೆ ಏಳು ತಿಂಗಳಿಂದ. ನನಗೆ ಬಂದಿದೆ ಅಂತ ಅಕ್ಕ ಫೋನಿನಲ್ಲಿ ಹೇಳಿದಾಗ, ದೊಡ್ಡಮ್ಮ ಅದನ್ನು ಡಿಗ್ರಿ ಅಂದುಕೊಂಡು, ಈ ವಯಸ್ಸಿನಲ್ಲಿ ಓದಿ ಪಾಸು ಮಾಡಿದಳಲ್ಲ ಅಂತ ಸಂತೋಷಪಟ್ಟಿದ್ದರಂತೆ. ನರಗಳ ಮೇಲಿನ ಹೊದಿಕೆಯನ್ನು ನಮ್ಮ ಮೈಯೇ ಅಲ್ಲಲ್ಲಿ ಕಡಿದುಹಾಕುವ ಕಾಯಿಲೆ ಇದು. ಭಾವನ ಭಾಷೆಯಲ್ಲಿ ಹೇಳುವುದಾದರೆ ಇಂಜಿನ್ ಗಟ್ಟಿ, ವೈರಿಂಗ್ ಹಾಳು. ಮೊದಲ ಸಲ ನನ್ನ ಒಂದು ಕಣ್ಣಿಗೆ ಬೂದಿ ಬಳಿದ ಹಾಗಾಯಿತು. ಆರು ವಾರ ಬಿಟ್ಟು ದೃಷ್ಟಿ ಹೇಳದೆ ಕೇಳದೆ ಹಿಂದಿರುಗಿ ಬಂತು. ಹೀಗೆ ಬಂದು ಹೋಗುವ ಗುಣ ಇದಕ್ಕಿದೆ. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಅಂತ ಮೊದಲೇ ಹೇಳುವ ಗುಣವಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಫಿಸಿಯೋಥೆರಪಿಯ ಹಾಲ್ ಖಾಲಿಯಾದ ಮೇಲೆ, ನಮ್ಮಂಥವರು ಹತ್ತು ಹನ್ನೆರಡು ಜನ ಅಲ್ಲಿ ಸೇರುತ್ತೇವೆ. ಹೊಸದಾಗಿ ಬಂದವರಿಗೆ ಹಳಬರಲ್ಲಿ ಒಬ್ಬರು ಜೋಡಿ. ವಾರಕ್ಕೊಮ್ಮೆಯಾದರೂ ಫೋನ್ ಮಾಡಬೇಕು. ಬೇಕರಿಯವನಿಗೆ ನಾನು ಜೋಡಿ. ಮೊದಲ ದಿನ ಅವನು ಮೈದಾ ಮೂಟೆಗಳ ನಡುವೆ ಕೂತು ಫೋನಿನಲ್ಲಿ ಪಿಸುಮಾತಿನಲ್ಲಿ ಮಾತಾಡಿದ್ದ. ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಕಣ್ಣಿಗೆ ಹಾಲು ಕವಿದಂತಾಗುತ್ತದೆ. ಕಾಲು ಹಗ್ಗವಾಗುತ್ತದೆ. ಹಿಂದಿನ ವಾರ ಮೂರು ಬೆರಳು ಬಿಸಿ ತಟ್ಟೆಗೆ ತಾಗಿಕೊಂಡೇ ಇದ್ದವಂತೆ. “ಸುಟ್ಟ ವಾಸನೆ ಬಂತು ಮೇಡಂ. ಬ್ರೆಡ್ ಅಂದುಕೊಂಡೆ,” ಅಂದ. ಇಬ್ಬರೂ ನಕ್ಕೆವು. ಬೇರೆಯವರ ಮುಂದೆ ಹೇಳಿದ್ದರೆ ಅವರು ಅಳುತ್ತಿದ್ದರು.

ಬಿಸಿಯಾದರೆ ನಮ್ಮ ವೈರಿಂಗ್ ಇನ್ನಷ್ಟು ಕೈಕೊಡುತ್ತದೆ, ಅದು ತಾತ್ಕಾಲಿಕ ಅಂತ ವಿವರಿಸಿದೆ. ಒದ್ದೆ ಬನಿಯನ್, ತಣ್ಣೀರ ಬಾಟಲಿ, ನಡುನಡುವೆ ಕುರ್ಚಿ ಎಲ್ಲ ಹೇಳಿಕೊಟ್ಟೆ. ಆದರೆ ಒಲೆಯ ಮುಂದೆ ಇರಬೇಡಿ, ಯಜಮಾನರಿಗೆ ಹೇಳಿಬಿಡಿ ಅಂದೆ. ಅವನು ಮೂರು ವಾರ ಜಗ್ಗಾಡಿದ. ಕೊನೆಗೆ ಕೇಳಿದ, ನಿಮ್ಮ ಬಲಗಾಲು ಜೋಮು ಹಿಡಿದಿದೆ ಅಂದಿರಲ್ಲ, ನೀವು ನಿಮ್ಮಲ್ಲಿ ಹೇಳಿದಿರಾ ಅಂತ.

ಹೇಳಿದ್ದೇನೆ ಅಂದೆ. ಭಾವ ಎಲ್ಲ ಅನುಕೂಲ ಮಾಡಿಕೊಟ್ಟಿದ್ದಾರೆ ಅಂದೆ.

ನಾನು ಹೇಳಿರಲಿಲ್ಲ. ಕಾಲು ಜೋಮು ಹಿಡಿದು ಆಗಲೇ ತಿಂಗಳಾಗಿತ್ತು. ಬಸ್ ಸ್ಟಾಪಿನಿಂದ ಮನೆಗೆ ಬಂದಾಗ ಅಕ್ಕ, ಇನ್ನೊಂದು ಚಪ್ಪಲಿ ಎಲ್ಲೇ ಅಂತ ಕೇಳಿದ ಮೇಲೆಯೇ ನನಗೆ ಅದು ಬಿದ್ದುಹೋದದ್ದು ಗೊತ್ತಾಗಿತ್ತು. ಕಿತ್ತುಹೋಯಿತು, ಎಸೆದೆ ಅಂದಿದ್ದೆ. ಮಾರನೆಯ ದಿನದಿಂದ ಲೇಸ್ ಕಟ್ಟುವ ಬೂಟು. ಕಾರು ಓಡಿಸುವುದನ್ನು ಮಾತ್ರ ನಿಲ್ಲಿಸಿದ್ದೆ. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಪಕ್ಕದ ಸೀಟಿನಲ್ಲಿ ಕೂರುವುದು ಓಡಿಸಿದ ಹಾಗಲ್ಲವಲ್ಲ ಅಂತ ನನಗೆ ನಾನೇ ವಕೀಲಿ ಮಾಡಿಕೊಂಡಿದ್ದೆ.

ಅವನು ನನ್ನ ಮಾತು ನಂಬಿ ಯಜಮಾನರ ಮುಂದೆ ನಿಂತ. ಅವರು ಬೈಯಲಿಲ್ಲ. ಒಲೆ ಬೇಡ, ಬ್ರೆಡ್ ಹಂಚುವ ವ್ಯಾನ್ ನೋಡಿಕೋ, ಆದರೆ ಲೈಸೆನ್ಸ್ ಮಾಡಿಸಿಕೋ ಅಂದರು. ಡಾಕ್ಟರು ಪರೀಕ್ಷೆ ಮಾಡಿ, ಓಡಿಸಬಹುದು ಅಂತ ಬರೆದುಕೊಟ್ಟರು. ಹಾಗೆ ನನ್ನ ಪಕ್ಕಕ್ಕೆ ಬಂದು ಕೂತ.

ಈಗ ಮೋಟುಗೋಡೆಯ ಮೇಲೆ ಅವನು ತನ್ನ ಎಡಗೈಯನ್ನು ಬಲಗೈಯಿಂದ ಉಜ್ಜುತ್ತಾ ಕೂತಿದ್ದ.

“ನೀವು ಕೆಳಗೆ ನೋಡಿದ್ರಿ ಮೇಡಂ.”

“ಹೂಂ.”

“ಅವರಿಗೆ ಗೊತ್ತಿಲ್ಲ, ಅಲ್ವಾ?”

“ಇಲ್ಲ.”

ಲೈಬ್ರರಿಯಿಂದ ಒಬ್ಬರು ಮುದುಕರು ಪುಸ್ತಕವನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಹೋದರು. ಬೇಕರಿಯವನು ಬೈದಿದ್ದರೆ ಚೆನ್ನಾಗಿತ್ತು. ಅವನು ಹೇಳಿದ್ದು ಇಷ್ಟೇ: “ಯಜಮಾನರ ಹತ್ರ ಹೋದಾಗ ನನಗೆ ಮಂಡಿ ನಡುಗ್ತಿತ್ತು. ಕಾಯಿಲೆಯಿಂದ ಅಲ್ಲ. ಮೇಡಂ ಹೇಳಿದಾರೆ, ಅವರಿಗೇನೂ ಆಗಿಲ್ಲ ಅಂತ ಅಂದುಕೊಂಡೇ ಬಾಯಿ ತೆಗೆದೆ.”

ಕಾರನ್ನು ಅವನು ಒಬ್ಬನೇ ಓಡಿಸುವಂತಿರಲಿಲ್ಲ. ನಾನು ಓಡಿಸುವಂತಿರಲಿಲ್ಲ. ಭಾವನಿಗೆ ಫೋನ್ ಮಾಡಿದೆ. ಸತ್ಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಯಿಂದ ಹೊರಬಿದ್ದದ್ದು, ಕ್ಲಚ್ ಯಾಕೋ ಸರಿಯಿಲ್ಲ ಭಾವ, ಬಂದು ತಗೊಂಡು ಹೋಗಿ ಅಂತ.

ಬೇಕರಿಯವನು ನನ್ನನ್ನು ನೋಡಿದ. ಆಮೇಲೆ ಕಾರನ್ನು ನೋಡಿದ, ಪಾಪ ಅದರ ಮೇಲೆ ಯಾಕೆ ಹಾಕ್ತೀರಿ ಅನ್ನುವ ಹಾಗೆ.

•

ಭಾವ ಎರಡು ದಿನ ಆ ಕ್ಲಚ್‌ನ ಹಿಂದೆ ಬಿದ್ದರು.

ಅವರು ಹಾಗೆಯೇ. ಯಾರಾದರೂ ಸದ್ದು ಬರುತ್ತಿದೆ ಅಂದರೆ, ಸದ್ದು ಬರುವವರೆಗೆ ಹುಡುಕುವ ಮನುಷ್ಯ. ಗುರುವಾರ ಮಧ್ಯಾಹ್ನ ಬಾನೆಟ್ ತೆಗೆದರು. ಶುಕ್ರವಾರ ಮೆಕ್ಯಾನಿಕ್ ಬಂದು, ನಿಮ್ಮ ಕ್ಲಚ್ ನನ್ನ ಸಂಸಾರಕ್ಕಿಂತ ಚೆನ್ನಾಗಿದೆ ಅಂತ ಹೇಳಿ ಹೋದ. ಭಾವ ಒಪ್ಪಲಿಲ್ಲ. ನನ್ನ ನಾದಿನಿ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಸುಮ್ಮಸುಮ್ಮನೆ ಕಾರಿನ ಮೇಲೆ ದೂರು ಹೇಳಿದವಳಲ್ಲ ಅಂದರಂತೆ. ಅಕ್ಕ ಊಟಕ್ಕೆ ಬಡಿಸುವಾಗ ಅದನ್ನು ನನಗೆ ಹೇಳಿದಳು. ನಾನು ಅನ್ನ ಕಲಸುತ್ತಾ ಕೂತೆ.

ಬೇಕರಿಯವನಿಗೆ ಜೋಡಿಯಾಗಿ ನಾನು ಎರಡು ದಿನ ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ.

ಶನಿವಾರ ಫಿಸಿಯೋಥೆರಪಿ ಹಾಲಿಗೆ ಹೋಗದೆ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಬಾಗಿಲು ತೆಗೆದು, ಕುರ್ಚಿಗಳನ್ನು ದುಂಡಗೆ ಇಟ್ಟು, ಲೆಕ್ಕದ ಮೇಷ್ಟ್ರ ಗಾಲಿಕುರ್ಚಿಗೆ ಜಾಗ ಬಿಟ್ಟೆ. ಮೇಷ್ಟ್ರು ನಮ್ಮಲ್ಲೆಲ್ಲ ಹಿರಿಯರು. ಎಂ.ಎಸ್. ಅಂದರೆ ಮಹಾ ಸುಸ್ತು ಅಂತ ಅರ್ಥ ಹೇಳಿಕೊಟ್ಟವರು ಅವರೇ. ಯಾರನ್ನೂ ಬಹುವಚನದಲ್ಲಿ ಕರೆಯುವುದಿಲ್ಲ. ಬೇಕರಿಯವನು ಬಂದು ದೂರದ ಕುರ್ಚಿಯಲ್ಲಿ ಕೂತ. ನಮಸ್ಕಾರ ಮಾಡಿದ, ಅಷ್ಟೇ.

ಆವತ್ತು ಒಬ್ಬಳು ಹೊಸಬಳು ಬಂದಿದ್ದಳು. ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ. ಕೈಚೀಲವನ್ನು ತೊಡೆಯ ಮೇಲಿಟ್ಟು, ಎದ್ದು ಓಡಲು ಸಿದ್ಧಳಾಗಿ ಕೂತಿದ್ದಳು. ಅವಳ ಸರದಿ ಬಂದಾಗ ಬಲಗೈ ಹೆಬ್ಬೆರಳಿನ ಕಥೆ ಹೇಳಿದಳು. ಕತ್ತರಿ ಕೆಲವೊಮ್ಮೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಇಲ್ಲಿಯವರೆಗೆ ಬರೀ ಕೂದಲು ಹೋಗಿದೆ. ಕಿವಿಯ ಹತ್ತಿರ ಬಂದಾಗ ಉಸಿರು ಹಿಡಿದುಕೊಳ್ಳುತ್ತಾಳೆ. ಅಂಗಡಿಯ ಯಜಮಾನಿಗೆ ಯಾವಾಗ ಹೇಳಬೇಕು, ಹೇಳಲೇಬೇಕಾ ಅಂತ ಕೇಳಿದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಈ ಪ್ರಶ್ನೆ ನನ್ನದು. ಎಷ್ಟೋ ವರ್ಷದಿಂದ ಇದಕ್ಕೆ ಉತ್ತರ ಹೇಳುತ್ತಾ ಬಂದವಳು ನಾನು. ಬಾಯಿಪಾಠವಾಗಿತ್ತು. ನಿಮ್ಮ ಕೈಯಿಂದ ಬೇರೆಯವರಿಗೆ ಪೆಟ್ಟಾಗಬಹುದು ಅಂತ ಅನ್ನಿಸಿದ ದಿನವೇ ಹೇಳಿ, ಅದಕ್ಕಿಂತ ಮೊದಲು ಹೇಳುವುದು ಬಿಡುವುದು ನಿಮ್ಮ ಇಷ್ಟ. ಬೇಕರಿಯವನು ನೆಲದ ಟೈಲ್ಸ್ ನೋಡುತ್ತಿದ್ದ. ನಾನು ಆ ವಾಕ್ಯವನ್ನು ಹೇಳಿ ಮುಗಿಸಿದ್ದರೂ ಅವನು ತಲೆಯೆತ್ತುತ್ತಿರಲಿಲ್ಲ, ನನ್ನನ್ನು ಯಾರ ಮುಂದೆಯೂ ಹಿಡಿದುಕೊಡುತ್ತಿರಲಿಲ್ಲ. ಅದು ನನಗೆ ಖಾತ್ರಿಯಿತ್ತು. ಖಾತ್ರಿಯಿದ್ದದ್ದರಿಂದಲೇ ಆ ವಾಕ್ಯ ಹೇಳಲಾಗಲಿಲ್ಲ.

“ನಾನು ಹೇಳಿಲ್ಲ,” ಅಂದೆ.

ಆಮೇಲೆ ಎಲ್ಲ ಹೇಳಿದೆ. ಮೂರು ತಿಂಗಳ ಕಾಲು, ಚಪ್ಪಲಿ, ದಿಬ್ಬ, ಹಳದಿ ಸ್ವೆಟರ್, ರಬ್ಬರ್ ಮ್ಯಾಟ್. ಬೇಕರಿಯವನಿಗೆ ಹೇಳಿದ ಸುಳ್ಳು. ಕ್ಲಚ್ ಮೇಲೆ ಹೊರಿಸಿದ ದೂರು. ಯಾರಾದರೂ ಕೇಳುವವರೆಗೆ ಸಲಹೆ ಕೊಡಬಾರದು ಅನ್ನುವುದು ನಮ್ಮ ನಿಯಮ, ನಾನೇ ಮಾಡಿದ್ದು. ಎಲ್ಲರೂ ಅದನ್ನು ಪಾಲಿಸಿ ನನ್ನನ್ನು ಚೆನ್ನಾಗಿ ಹಿಂಸಿಸಿದರು.

ಕೊನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಬ್ರೇಕ್ ಮೇಡಂಗೇ ಬ್ರೇಕ್ ಸಿಗಲಿಲ್ಲ ಅಂತಾಯ್ತು.”

ಮೊದಲು ನಕ್ಕವಳು ಹೊಸಬಳು. ನಕ್ಕು ಬಾಯಿ ಮುಚ್ಚಿಕೊಂಡಳು. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಷ್ಟ್ರು ಮಾತ್ರ ನಗಲಿಲ್ಲ. ಅವರು ಬೋರ್ಡಿನ ಮೇಲೆ ಸೊನ್ನೆ ಬರೆಯಲು ಬಾರದೆ ಹೋದ ದಿನ, ಹುಡುಗರಿಗೆ ಬೆನ್ನು ಹಾಕಿ ನಿಂತು ಇಡೀ ಪಿರಿಯಡ್ ಬೋರ್ಡ್ ಒರೆಸುತ್ತಲೇ ಇದ್ದರಂತೆ. ಇನ್ನೂ ಎರಡು ವರ್ಷ ಹಾಗೇ ಒರೆಸಿದೆ ಅಂದರು. ಸೊನ್ನೆಯಿಂದ ಯಾರಿಗೂ ಪೆಟ್ಟಾಗಲ್ಲಮ್ಮ, ನಿನ್ನದು ಹಾಗಲ್ಲ ಅಂದರು. ಅದು ಸಲಹೆಯೋ ಅಲ್ಲವೋ ಅಂತ ಯಾರೂ ತಕರಾರು ಎತ್ತಲಿಲ್ಲ.

ಹೊರಡುವಾಗ ಬೇಕರಿಯವನು ಕುರ್ಚಿ ಮಡಚಿ ಇಡಲು ಬಂದ. ಬೀಗ ನಾನು ಹಾಕುತ್ತೇನೆ, ನೀವು ಹೋಗಿ, ನಿಮ್ಮ ಭಾವ ಇನ್ನೂ ಕಾರಿನ ಕೆಳಗೇ ಇರ್ತಾರೆ ಅಂದ.

•

ನಿಜವಾಗಿಯೂ ಕಾರಿನ ಕೆಳಗೇ ಇದ್ದರು. ಸ್ಕೂಲಿನ ಹಿಂದಿನ ಶೆಡ್ಡಿನಲ್ಲಿ ಬಂಪರಿನ ಕೆಳಗಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು. ಕಾಲುಚೀಲದಲ್ಲಿ ಒಂದು ತೂತು, ಹೆಬ್ಬೆರಳು ಇಣುಕುತ್ತಿತ್ತು. ಹತ್ತು ನಂಬರ್ ಸ್ಪ್ಯಾನರ್ ಕೊಡು ಅಂದರು, ಬಂದದ್ದು ಯಾರು ಅಂತಲೂ ನೋಡದೆ.

ಮುಖಕ್ಕಿಂತ ಪಾದಗಳಿಗೆ ಹೇಳುವುದು ಸುಲಭವಾಯಿತು. ಸ್ಟೂಲ್ ಎಳೆದುಕೊಂಡು ಕೂತು, ಕ್ಲಚ್‌ಗೆ ಏನೂ ಆಗಿಲ್ಲ ಭಾವ, ಆಗಿರುವುದು ನನ್ನ ಕಾಲಿಗೆ ಅಂದೆ. ಹಾಲಿನಲ್ಲಿ ಹೇಳಿದ್ದನ್ನೇ ಎರಡನೆಯ ಸಲ ಹೇಳಿದೆ. ಹೇಳುತ್ತಾ ಹೋದ ಹಾಗೆ ಹೆಬ್ಬೆರಳು ಅಲುಗುವುದನ್ನು ನಿಲ್ಲಿಸಿತು. ಹಳದಿ ಸ್ವೆಟರಿನ ಮಗುವಿನ ಜಾಗಕ್ಕೆ ಬಂದಾಗ ಎರಡು ಪಾದಗಳೂ ಒಂದಕ್ಕೊಂದು ಹತ್ತಿರವಾದವು.

ಭಾವ ಹೊರಗೆ ಬಂದರು. ಹಣೆಗೆ ಗ್ರೀಸ್ ಮೆತ್ತಿತ್ತು. ನನ್ನ ಬೂಟಿನ ಹಿಮ್ಮಡಿಯನ್ನು ಒತ್ತಿ, ಗೊತ್ತಾಗುತ್ತಾ ಅಂತ ಕೇಳಿದರು. ಇಲ್ಲ ಅಂದೆ. ಇನ್ನೂ ಮೇಲೆ ಒತ್ತಿದರು. ಮೀನಖಂಡದ ಅರ್ಧದಲ್ಲಿ ಗೊತ್ತಾಯಿತು. ಅಷ್ಟು ದೂರ ಬರಬೇಕಾ ಅಂತ ಅವರಷ್ಟಕ್ಕೆ ಅಂದುಕೊಂಡರು. ಬೈಯಲಿಲ್ಲ. ಎರಡು ದಿನ ನನ್ನನ್ನು ಮಲಗಿಸಿಬಿಟ್ಟೆಯಲ್ಲೇ ಮಾರಾಯ್ತಿ ಅಂದರು, ಅಷ್ಟೇ. ಕೈ ತೊಳೆದು ಒಳಗೆ ಬಾ ಅಂದರು.

ಆಫೀಸು ಅಂದರೆ ಒಂದು ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಅಕ್ಕ ಪಾಠದ ಸಮಯ ಬರೆದಿಡುವ ದೊಡ್ಡ ಪುಸ್ತಕ. ಅಕ್ಕ ಅಲ್ಲೇ ಇದ್ದಳು. ಅವಳಿಗೆ ಹೇಳಬೇಕಾಗಲಿಲ್ಲ. ನೀನು ಚಪ್ಪಲಿ ಎಸೆದೆ ಅಂದ ದಿನವೇ ನಾನು ಬೀದಿಗೆ ಹೋಗಿ ಅದನ್ನು ಹುಡುಕಿ ತಂದೆ, ಕಿತ್ತಿರಲಿಲ್ಲ ಅಂದಳು. ನೀನಾಗಿ ಹೇಳುತ್ತೀಯ ಅಂತ ಕಾದೆ ಅಂದಳು. ನಮ್ಮ ಮನೆಯಲ್ಲಿ ಎಲ್ಲರೂ ಇಷ್ಟು ಒಳ್ಳೆಯವರಾಗಿರುವುದೇ ಒಂದು ಅಪಾಯ.

ಮೊದಲ ಸಲ ಪಾಠ ಮಾಡಲು ಹೊರಟಾಗ ಆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಂದೇ ಗೆರೆ ಇತ್ತು. ಈಗ ಬೆಳಿಗ್ಗೆ ಆರರಿಂದ ಒಂದು ಪುಟ ತುಂಬ ನಾನೇ. ಈ ಊರಿನಲ್ಲಿ ಯಾವ ಸಿಗ್ನಲ್‌ನಲ್ಲಿ ನಿಂತರೂ ನಾನು ಕಲಿಸಿದವರು ಒಬ್ಬರಾದರೂ ಹಾರ್ನ್ ಹೊಡೆದು ತಲೆ ಆಡಿಸುತ್ತಾರೆ. ಇಳಿಜಾರಿನಲ್ಲಿ ಹೆದರಿ ಸ್ಟಿಯರಿಂಗ್ ತಬ್ಬಿಕೊಳ್ಳುವವರಿಗೆ, ನಾನಿದೀನಿ ಅಂತ ಹೇಳುವುದೇ ನನ್ನ ಕೆಲಸ. ಬೇರೆ ಕೆಲಸ ನನಗೆ ಬರುವುದಿಲ್ಲ ಅಂತಲ್ಲ. ಬೇರೆ ಯಾವುದರಲ್ಲೂ ನಾನು ಇಷ್ಟು ಹೊತ್ತು ನನ್ನ ಮೈಯನ್ನು ಮರೆತಿರಲಾರೆ.

ಭಾವ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದರು. ಕಲಿಸುವವರ ಪರವಾನಗಿ ಹೊಸದು ಮಾಡಿಸುವ ಅರ್ಜಿ. ತಿಂಗಳ ಕೊನೆಯೊಳಗೆ ಕೊಡಬೇಕು. ಎರಡನೆಯ ಪುಟದಲ್ಲಿ, ಕೈಕಾಲುಗಳಲ್ಲಿ ದೌರ್ಬಲ್ಯವಾಗಲಿ ಸ್ಪರ್ಶವಿಲ್ಲದಿರುವುದಾಗಲಿ ಇದೆಯೇ ಅಂತ ಕೇಳಿ, ಹೌದು, ಇಲ್ಲ ಅಂತ ಎರಡು ಚೌಕ. ಇಷ್ಟು ವರ್ಷ ಕಣ್ಣಿನ ವಿಷಯಕ್ಕೆ ಡಾಕ್ಟರ ಪತ್ರ ಲಗತ್ತಿಸಿ, ಇಲ್ಲಿ ‘ಇಲ್ಲ’ ಅಂತ ನಿಜವನ್ನೇ ಬರೆದಿದ್ದೆ.

“ನೋಡು,” ಅಂದರು ಭಾವ. ದನಿ ತಗ್ಗಿಸಿದ್ದರು, ಹೊರಗಿನವರು ಯಾರೂ ಇಲ್ಲದಿದ್ದರೂ. “ಕಣ್ಣು ಆರು ವಾರಕ್ಕೆ ವಾಪಸ್ ಬಂತು. ಇದೂ ಬರಬಹುದು. ಬರಲ್ಲ ಅಂತ ಡಾಕ್ಟರು ಹೇಳಿದಾರಾ?”

ಬರಲ್ಲ ಅಂತಲೂ ಹೇಳಿಲ್ಲ, ಬರುತ್ತೆ ಅಂತಲೂ ಹೇಳಿಲ್ಲ ಅಂದೆ.

“ಅಷ್ಟೇ ತಾನೆ. ಮೂರು ತಿಂಗಳು ನೋಡೋಣ. ಈ ಚೌಕಕ್ಕೆ ನಾನೇ ಗುರುತು ಹಾಕ್ತೀನಿ, ಪಾಪ ಬಂದ್ರೆ ನನಗಿರ್ಲಿ. ಚೆನ್ನಾಗಿ ಕಲಿತವರನ್ನ ಮಾತ್ರ ನಿನಗೆ ಕೊಡ್ತೀನಿ. ದಿಬ್ಬ ಬೇಡ, ಪೇಟೆ ಬೇಡ, ಖಾಲಿ ರಸ್ತೆ. ದಿನಕ್ಕೆ ಎರಡೇ ಪಾಠ. ನೀನು ಸುಮ್ಮನೆ ಕೂತಿರು ಸಾಕು.”

ಅಕ್ಕ ಪುಸ್ತಕದ ಹೊಸ ಪುಟ ತಿರುವಿ, ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದಳು.

ಖಾಲಿ ರಸ್ತೆಗಳು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡವು. ಬೆಳಗಿನ ಏಳು ಗಂಟೆ, ಕಿಟಕಿ ಅರ್ಧ ಇಳಿಸಿದ್ದು, ಮೂರನೇ ಗೇರಿಗೆ ತಾನಾಗಿಯೇ ಹೋಗುವ ಜಾಣ ಶಿಷ್ಯೆ, ನನಗೆ ಮಾಡಲು ಏನೂ ಇಲ್ಲ. ಮೂರು ತಿಂಗಳಲ್ಲಿ ಕಾಲು ಹೇಳದೆ ಕೇಳದೆ ಬಂದೂಬಿಡಬಹುದು. ಇವರು ಕೊಡುತ್ತಿದ್ದದ್ದು ಅನುಕಂಪವಲ್ಲ. ನನಗೆ ಬೇಕಾದದ್ದನ್ನೇ, ಬೇಕಾದ ಅಳತೆಗೆ ಸರಿಯಾಗಿ ಕೊಡುತ್ತಿದ್ದರು. ಭಾವ ಪೆನ್ನಿನ ಮುಚ್ಚಳ ತೆಗೆದು, ಎರಡನೆಯ ಚೌಕದ ಮೇಲೆ ಮೊನೆ ಇಟ್ಟು ಕಾಯುತ್ತಿದ್ದರು.

“ಬೇಡ ಭಾವ,” ಅಂದೆ. “ನಾನು ಕೂರಲ್ಲ.”